ಅಪೀಲು ಬರೆಯುವ ತಿಗಡಿ ಸಾಹೇಬರು

ಅಪೀಲು ಬರೆಸಲು ಬಂದವರ ಫೈಲನ್ನು ಸುಬೇದಾರ್ ತಿಗಡಿಯವರು ಎರಡೂ ಕೈ ಚಾಚಿ ಮರ್ಯಾದೆಯಿಂದ ತೆಗೆದುಕೊಂಡು, ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾವೇ ಕೂತುಬಿಡುತ್ತಿದ್ದರು. ಬಂದವರು ಕಕ್ಕಾಬಿಕ್ಕಿಯಾಗುತ್ತಿದ್ದರು. "ಕಾಗದ ಆಮ್ಯಾಲ ನೋಡೂಣು. ಮೊದಲ ನಿಮ್ಮ ಬಾಯಿಲೆ ಹೇಳ್ರಿ, ಎಲ್ಲಿ ಸುರು ಆತು?" ಎಂದು ಕೇಳುವರು. ಕನ್ನಡದವರಲ್ಲದಿದ್ದರೆ ಮರಾಠಿಯಲ್ಲೋ ಹಿಂದಿಯಲ್ಲೋ ಇದೇ ಪ್ರಶ್ನೆ. ಉಮರೇಡಿನ ಮಾಜಿ ಸಿಪಾಯಿಯೊಬ್ಬ ತನ್ನ ಕಾಯಿಲೆಗೆ ಫೈಲಿನಲ್ಲಿದ್ದ ಉದ್ದದ ಇಂಗ್ಲಿಷ್ ಹೆಸರನ್ನು ಗಿಳಿಪಾಠದಂತೆ ಒಪ್ಪಿಸಿದಾಗ, ಅದು ಡಾಕ್ಟರರ ಬೋರ್ಡಿನವರ ಕಾಯಿಲೆ, ನಿನ್ನದು ಹೇಳು ಎಂದು ಗದರಿದ್ದರು. ಆಮೇಲೆ ಆತ ಒಂದು ಗಂಟೆ ಮಾತಾಡಿದ.

ಈ ಮರಾಠಿ ಊರಿನಲ್ಲಿ, ಬಜಾಜ್ ನಗರ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಕೆಳಗೆ ಬೈಲಹೊಂಗಲದ ಕಡೆಯ ತಿಗಡಿಯವರು, ಮೇಲೆ ಮೈಸೂರಿನ ಕಡೆಯ ನಾನು. ಅವರು ಸೈನ್ಯದಲ್ಲಿ ಕ್ಲರ್ಕ್ ಆಗಿ ಸೇರಿ ಸುಬೇದಾರರಾಗಿ ನಿವೃತ್ತರಾದವರು. ಬಂದೂಕಿಗಿಂತ ಟೈಪ್‌ರೈಟರನ್ನೇ ಹೆಚ್ಚು ಹೊತ್ತವನು ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಕಾಯಿಲೆಯೆಂದು ಸೈನ್ಯದಿಂದ ಮನೆಗೆ ಕಳಿಸಲ್ಪಟ್ಟವರಿಗೆ, ಆ ಕಾಯಿಲೆ ಸೇವೆಯಿಂದ ಬಂದದ್ದಾದರೆ ಅಂಗವೈಕಲ್ಯದ ಪಿಂಚಣಿ ಉಂಟು. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ಬೋರ್ಡು ಬರೆದರೆ ಇಲ್ಲ. ಹಾಗೆ 'ಇಲ್ಲ' ಎನ್ನಿಸಿಕೊಂಡವರೆಲ್ಲ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಮುಂದೆ ಚಪ್ಪಲಿ ಬಿಡುತ್ತಿದ್ದರು. ಹೆಂಡತಿ ಕಮಲಕ್ಕ ಕೊಟ್ಟ ಚಹಾ ಕುಡಿಯದೆ ಯಾರೂ ಹೊರಡುವಂತಿರಲಿಲ್ಲ.

ನಾನು ಬ್ಯಾಂಕಿನವಳು, ಇಂಗ್ಲಿಷ್ ಬಲ್ಲವಳು ಎಂದು ಅವರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಪುಟಕ್ಕೆ ಮೂರು ಸಲ 'ಅತ್ಯಂತ ವಿನಮ್ರವಾಗಿ' ಎಂದು ಬರೆಯುವರು. ನಾನು ಹೊಡೆದುಹಾಕುವೆ, ಅವರು ಮತ್ತೆ ಸೇರಿಸುವರು. "ಫೌಜಿನ್ಯಾಗ ಸೆಲ್ಯೂಟ್ ಹೊಡದ ಮ್ಯಾಲನ ಮಾತು ಅಕ್ಕಾರ" ಎನ್ನುವರು. ಎಷ್ಟು ಜಗಳವಾಡಿದರೂ ಆ ಪದದಿಂದ ಅವರನ್ನು ಬಿಡಿಸಲು ನನ್ನಿಂದ ಆಗಲಿಲ್ಲ.

ಒಂದು ಭಾನುವಾರ ಬುಟಿಬೋರಿಯಿಂದ ಹಣಮಂತ ಎಂಬ ಯುವಕ ಹೆಂಡತಿ ಶಾಂತಾಳ ಜೊತೆ ಬಂದ. ವಿಜಯಪುರದ ಕಡೆಯವರು. ಆಕೆ ಅಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದಳು. ಮೂರ್ಛೆ ಬೀಳುವವನನ್ನು ಯಂತ್ರದ ಹತ್ತಿರ ಬಿಡುವವರಿಲ್ಲವಾದ್ದರಿಂದ ಇವನು ಮನೆಯಲ್ಲಿರುತ್ತಿದ್ದ. ಸೈನ್ಯದಲ್ಲಿ ಗಡಿಯ ಹಿಮದ ಪೋಸ್ಟಿನಲ್ಲಿದ್ದಾಗ ಮೊದಲ ಸಲ ಬಿದ್ದನಂತೆ. ಜೊತೆಯವರು ಹಿಡಿದುಕೊಂಡರಂತೆ. ಕೆಳಗೆ ಇಳಿದ ಮೇಲೆ ಬಯಲುಸೀಮೆಯ ದಂಡಿನ ಛಾವಣಿಯಲ್ಲಿ ಮತ್ತೆ ಬಿದ್ದಾಗ ಆಸ್ಪತ್ರೆಗೆ ಸೇರಿಸಿದರಂತೆ. ಕಾಯಿಲೆ ಶುರುವಾದದ್ದೇ ಆ ಆರಾಮದ ಊರಿನಲ್ಲಿ ಎಂದು ದಾಖಲೆ ಹೇಳುತ್ತದೆಂದು ಪಿಂಚಣಿ ನಿರಾಕರಿಸಿದ್ದರು. ಮೊದಲ ಅಪೀಲೂ ಅದೇ ಕಾರಣಕ್ಕೆ ಬಿದ್ದುಹೋಗಿತ್ತು. ಎರಡನೆಯದೂ ಹೋದರೆ ಅವರಿಗೆ ಶಾಂತಾಳ ಪಾಳಿಯೊಂದೇ ಗತಿ.

ಎಲ್ಲ ಕೇಳಿಸಿಕೊಂಡ ಮೇಲೆ ತಿಗಡಿಯವರು ಎದ್ದು ಫೈಲು ಬಿಚ್ಚಿದರು. ಒಂದು ಹಾಳೆಯ ಹತ್ತಿರ ಕೈ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನ ಭಾನುವಾರ ಬರ್ರಿ ಎಂದಷ್ಟೇ ಹೇಳಿ ಅವರನ್ನು ಕಳಿಸಿದರು. ಆಮೇಲೆ ಆ ಹಾಳೆಯನ್ನು ನನ್ನ ಮುಂದೆ ಹಿಡಿದರು. ಕೆಳಗೆ ಅವರದೇ ಚಿಕ್ಕ ಸಹಿಯಿತ್ತು. ಆಗ ಅವರು ಆ ಛಾವಣಿಯ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಮುಖ ನೋಡದೆ ಕಟ್ಟುಗಟ್ಟಲೆ ಫಾರಂ ತುಂಬುತ್ತಿದ್ದ ದಿನಗಳು. ಕಾಯಿಲೆ ಎಲ್ಲಿ ಶುರುವಾಯಿತು ಎಂಬ ಖಾನೆಯಲ್ಲಿ ಹಿಮದ ಪೋಸ್ಟಿನ ಹೆಸರು ಬರಬೇಕಿತ್ತು.

"ನಾ ಕುಂತ ಊರಿನ ಹೆಸರು ಬರದೇನಿ ಅಕ್ಕಾರ. ಆಂವ ಬಿದ್ದ ಊರಿನ ಹೆಸರು ಬರೀಬೇಕಾಗಿತ್ತು."

ನನಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ವಿಚಾರಣೆ, ಅವಮಾನ ಯಾಕೆ, ಕಚೇರಿಯಿಂದ ತಪ್ಪಾಗಿದೆ ಎಂದು ಬರೆದರೆ ಸಾಲದೇ ಎಂದೆ. ನಾನು ಆ ಸಲಹೆ ಕೊಟ್ಟದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

"ಕಚೇರಿಗೆ ಕೈ ಇರೂದಿಲ್ರಿ. ಬರದಾಂವ ನಾನು" ಎಂದರು.

ಮುಂದಿನ ಭಾನುವಾರ ಅವರಿಬ್ಬರನ್ನೂ ಕೂರಿಸಿ, ತಾವು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಹಣಮಂತ ತಲೆ ತಗ್ಗಿಸಿದ. ಶಾಂತಾ ಫೈಲು ಎತ್ತಿಕೊಂಡು ಗಂಡನ ಕೈ ಹಿಡಿದು ಹೊರಟುಹೋದಳು. ಅವತ್ತು ಚಹಾ ಹಾಗೇ ಉಳಿಯಿತು. ಆಮೇಲೆ ಎಷ್ಟೋ ವಾರ ಅವರು ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ತಿಗಡಿಯವರು ಫೈಲಿನಿಂದ ಮೊದಲೇ ಬರೆದಿಟ್ಟುಕೊಂಡಿದ್ದ ವಿವರಗಳಿಂದ ತಾವೇ ಅಪೀಲು ಬರೆದು, ತಪ್ಪು ತಮ್ಮದೆಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಬಸ್ಸು ಹತ್ತಿ ಬುಟಿಬೋರಿಗೆ ಹೋದರು. ಶಾಂತಾ ಬಾಗಿಲಲ್ಲೇ ನಿಂತು ಕಾಗದ ತೆಗೆದುಕೊಂಡಳಂತೆ, ಒಳಗೆ ಕರೆಯಲಿಲ್ಲವಂತೆ. ಕರೀಬೇಕಂತ ಕಾಯಿದೆ ಏನೈತಿ ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಅಫಿಡವಿಟ್ಟಿನಲ್ಲಿ ವಿನಮ್ರ ಎಂಬ ಪದ ಒಂದು ಕಡೆಯೂ ಇರಲಿಲ್ಲ. ನಾನು ತಿದ್ದುವುದಕ್ಕೂ ಏನೂ ಇರಲಿಲ್ಲ.

ವರ್ಷ ಕಳೆದ ಮೇಲೆ ತೀರ್ಮಾನ ಬಂತು. ಅಪೀಲು ಮಂಜೂರಾಗಿತ್ತು. ದಂಪತಿಗಳು ಕಾಗದ ಹಿಡಿದು ಬಂದಾಗ ನಾನೂ ಅಲ್ಲೇ ಇದ್ದೆ. ತಿಗಡಿಯವರು ಅದನ್ನು ಪೂರ್ತಿ ಓದಿ ಕನ್ನಡದಲ್ಲಿ ಹೇಳಿದರು. ಹಣಮಂತ ಅವರ ಕಾಲು ಮುಟ್ಟಲು ಬಗ್ಗಿದ, ಅವರು ಎರಡು ಹೆಜ್ಜೆ ಹಿಂದೆ ಸರಿದರು. ಶಾಂತಾ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ನಡಕ ಏಳು ವರ್ಷ ಹೋತಲ್ರಿ ಸಾಹೇಬ್ರ. ಅದಕ್ಕ ಯಾರ ಮುಂದ ಅಪೀಲು ಹಾಕೂಣು?"

"ಅದಕ್ಕ ಅಪೀಲಿಲ್ಲವ್ವಾ" ಎಂದರು ತಿಗಡಿಯವರು. ಬೇರೆ ಸಮಾಧಾನದ ಮಾತು ಆಡಲು ಹೋಗಲಿಲ್ಲ. ಸಿಟ್ಟು ಮಾಡುವ ಹಕ್ಕು ಅವಳದು ಎಂದು ಅವರಿಗೆ ಗೊತ್ತಿತ್ತು. ನನಗೆ ಅವರ ಮೇಲೆ ಆ ದಿನ ಹುಟ್ಟಿದಷ್ಟು ಗೌರವ ಹಿಂದೆಂದೂ ಹುಟ್ಟಿರಲಿಲ್ಲ.

ಕಳೆದ ಚಳಿಗಾಲದಲ್ಲಿ ತಿಗಡಿಯವರು ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಎಲ್ಲೆಲ್ಲಿಂದಲೋ ಮಾಜಿ ಸೈನಿಕರು ಬಂದು ಸಾಲಾಗಿ ನಿಂತಿದ್ದರು. ಹಣಮಂತ ಹೆಗಲು ಕೊಟ್ಟ. ಶಾಂತಾ ಕಾಣಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಪಾಳಿ ಮುಗಿಸಿಕೊಂಡು, ಕಾರ್ಖಾನೆಯ ಬಟ್ಟೆಯಲ್ಲೇ ಬಂದಳು. ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಕಮಲಕ್ಕನಿಗೆ ಗಂಜಿ ಕಾಸಿ, ಪಕ್ಕದಲ್ಲಿ ಕೂತು ಕುಡಿಸಿದಳು. ಹೊರಡುವಾಗ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿ, ನಾನು ಕೇಳದಿದ್ದರೂ ಹೇಳಿದಳು:

"ಸಿಟ್ಟು ಇನ್ನೂ ಹೋಗಿಲ್ರಿ ಅಕ್ಕಾರ. ಆದ್ರ ಬರದ ಇರಾಕ ಆಗಲಿಲ್ಲ."