ಮುಂಗಾಲಿನ ಕೆಳಗಿನ ಶೇಂಗಾ

ನಾನು ಶೇಂಗಾ ಸುಲಿಯುತ್ತಿದ್ದಾಗ, ಗರಡಿಯ ಉಸ್ತಾದರು ತೀರಿಕೊಂಡ ಸುದ್ದಿಯನ್ನು ನನ್ನ ಮಗನೇ ತಂದ.

ಆದೋನಿಯ ನಮ್ಮ ಓಣಿಯಲ್ಲೇ ಅವರ ಗರಡಿ. ಬೇವಿನ ಮರಕ್ಕೆ ಹತ್ತಿಚೀಲ ತೂಗುಹಾಕಿ, ಮುಂದಿಟ್ಟ ಕಾಲಿನಿಂದ, ಅಂದರೆ ಮುಂಗಾಲಿನಿಂದ, ಅದನ್ನು ಒದೆಯಲು ಹುಡುಗರಿಗೆ ಕಲಿಸುವರು. ಒದೆಯುವ ಮೊದಲು ಆ ಕಾಲಿನ ಕೆಳಗೆ ನಮ್ಮ ಮನೆಯ ಒಂದು ಶೇಂಗಾಕಾಯಿ ಇಡುವರು; ಭಾರ ಬಿದ್ದು ಸಿಪ್ಪೆ ಒಡೆಯಬಾರದು.

"ಮುಂಗಾಲು ನೆಂಟ, ಹಿಂಗಾಲು ಮನಿಯವ. ಭಾರ ಯಾರು ಹೊರಬೇಕು?" ಎನ್ನುವರು.

"ನಮ್ಮ ಶೇಂಗಾ ಎಲ್ಲಾ ನಿಮ್ಮ ಹುಡುಗರ ಕಾಲಡಿ ಹೋತು, ಉಸ್ತಾದ್," ಎನ್ನುತ್ತಿದ್ದೆ ನಾನು.

"ಒಡದದ್ದು ತಿಂತಾರವ್ವ. ಅದಕ್ಕ ಕಲಿಯವಲ್ರು."

ಮಗ ಚಿಕ್ಕವನಿದ್ದಾಗ ಆಟವಾಡುತ್ತ ಅಡುಗೆಮನೆಯ ಅಗುಳಿ ಹಾಕಿಕೊಂಡ; ತೆಗೆಯಲು ಬರಲಿಲ್ಲ. ಒಳಗೆ ಒಲೆಯ ಪಕ್ಕದ ಹತ್ತಿಕಟ್ಟಿಗೆಗೆ ಕಿಡಿ ತಾಗಿ ಹೊಗೆಯೆದ್ದಿತ್ತು. ಹೊರಗೆ ಬಾಗಿಲ ಎದುರಿಗೇ ಜೋಳ ತುಂಬಿಡುವ ಆಳೆತ್ತರದ ವಾಡೆ. ಓಡಿಬಂದು ಗುದ್ದಲು ಜಾಗವಿಲ್ಲ. ನನ್ನ ಕೂಗು ಕೇಳಿ ಬಂದ ಉಸ್ತಾದರು ವಾಡೆಗೆ ಬೆನ್ನು ತಾಗುವಂತೆ ನಿಂತು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೊತ್ತಿ, ಸೊಂಟ ತಿರುಗಿಸಿ ಮುಂಗಾಲು ಬೀಸಿದರು. ಒಂದೇ ಒದೆಗೆ ಅಗುಳಿ ಮುರಿಯಿತು. ಕೆಮ್ಮುತ್ತಿದ್ದ ಮಗು ನನ್ನ ಮಡಿಲಿಗೆ ಬಂತು.

"ಬಾಗಿಲು ಕೆಡಿಸಿದೆ, ತಪ್ಪು ತಿಳೀಬ್ಯಾಡವ್ವ," ಎಂದರು.

ಅಂಥವರನ್ನು ದೇವರು ನಮ್ಮ ಓಣಿಯಲ್ಲೇ ಇಟ್ಟಿದ್ದ. ಅಷ್ಟು ಕರುಣೆ ಸಾಕು.

"ಹೋಗಿ ಹೆಗಲು ಕೊಡಪ್ಪ," ಎಂದು ಮಗನನ್ನು ಕಳಿಸಿ, ಅವನು ಮಣ್ಣು ಮುಗಿಸಿ ಬಂದ ಮೇಲೆ ಸ್ನಾನಕ್ಕೆ ಬೇಕೆಂದು ಹಂಡೆಗೆ ನೀರು ತುಂಬತೊಡಗಿದೆ.