‘ಎ’ ಇಲ್ಲದ ಕಂಪನಿ

ಹೋದ ವಾರ ಟಿ. ನಗರದ ನಾಟಿ ಔಷಧಿಯ ಅಂಗಡಿಯೊಂದರ ಮುಂದೆ ಸೀಗೆಪುಡಿಗಾಗಿ ನಿಂತಿದ್ದೆ. ಪಕ್ಕದಲ್ಲಿ ಬಾಯಿ ತೆರೆದ ಗೋಣಿಯ ತುಂಬ ಒಣಗಿದ ಕಿತ್ತಳೆ ಸಿಪ್ಪೆ. ಮುಖಕ್ಕೆ ಹಚ್ಚುವ ಪುಡಿ ಮಾಡಿಕೊಳ್ಳಲು ಜನ ಕೊಳ್ಳುತ್ತಾರೆ. ಅಂಗಡಿಯವನು ಒಂದು ಬೊಗಸೆ ಎತ್ತಿದ್ದೇ ತಡ, ಆ ಕಹಿಗಂಪು ಮೂಗಿಗೆ ಅಡರಿತು. ಕೋಡಂಬಾಕ್ಕಂನ ಆ ಮೂರನೆಯ ಮಹಡಿಯ ಮನೆ, ಚಹಾದ ನೀರಿಗೆ ಕಿತ್ತಳೆ ಸಿಪ್ಪೆ ಹಾಕಿ ಕುದಿಸುತ್ತಿದ್ದ ನನ್ನ ವಿದ್ಯಾರ್ಥಿನಿ, ಆ ಮಧ್ಯಾಹ್ನಗಳು...

ವಿದ್ಯಾರ್ಥಿನಿ ಎಂದರೆ ಹುಡುಗಿಯಲ್ಲ. ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಚೀನಾದವರು. ಗಂಡ ಶ್ರೀಪೆರುಂಬುದೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಬೆಳಕು ಹರಿಯುವ ಮೊದಲೇ ಕಾರು ಹತ್ತಿದರೆ ಮನೆ ಸೇರುತ್ತಿದ್ದುದು ರಾತ್ರಿಯೇ. ನಾನು ಆಗಷ್ಟೇ ಶಾಲೆಯ ಕೆಲಸ ಬಿಟ್ಟು, ಬೇಕೆಂದವರ ಮನೆಗೆ ಹೋಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಆಕೆಗೆ ತಮಿಳು ಬಾರದು, ನನಗೆ ಚೀನೀ ಭಾಷೆ ಬಾರದು. ಇಬ್ಬರ ನಡುವೆ ಇದ್ದುದು ಆಕೆಯ ಅರೆಬರೆ ಇಂಗ್ಲಿಷ್ ಒಂದೇ.

ಮೊದಲ ದಿನ, ಗಂಡ ಎಲ್ಲಿ ಎಂದು ಕೇಳಿದಾಗ ಆಕೆ ‘ಮೈ ಹಸ್ಬೆಂಡ್ ಈಸ್ ಕಂಪನಿ’ ಎಂದರು. ಕಂಪನಿಯಲ್ಲಿದ್ದಾರೆ ಎನ್ನುವುದು ಅವರ ಮನಸ್ಸಿನಲ್ಲಿ. ಆ ಒಂದು ಪದ ಹಿಡಿದೇ ನಮ್ಮ ಪಾಠ ಶುರುವಾಯಿತು. ಅವರ ಭಾಷೆಯಲ್ಲಿ ವ್ಯಾಪಾರದ ಸಂಸ್ಥೆಗೆ ಒಂದು ಪದ, ಜೊತೆಗಿರುವುದಕ್ಕೆ ಅದರೊಡನೆ ಸಂಬಂಧವೇ ಇಲ್ಲದ ಇನ್ನೊಂದು ಪದವಂತೆ. ಎರಡಕ್ಕೂ ಇಂಗ್ಲಿಷಿನಲ್ಲಿ ಕಂಪನಿಯೇ ಎಂದರೆ ಆಕೆ ನಂಬಲಿಲ್ಲ. ನನಗೆ ನಗು ಬಂತು. ಎಗ್ಮೋರಿನಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮಪ್ಪ ಇಂಗ್ಲಿಷ್ ಓದಿದವರಲ್ಲ. ಆದರೂ ‘ಬಾ, ಊಟಕ್ಕೆ ಕಂಪನಿ ಕೊಡು’ ಎನ್ನುತ್ತಿದ್ದರು. ನಾಟಕದವರ ತಂಡವೂ ನಮಗೆ ಕಂಪನಿಯೇ. ಮನೆಗೆ ಬಂದ ಅತಿಥಿಗಳೂ ಕಂಪನಿ, ಕೆಟ್ಟವರ ಸಹವಾಸವೂ ಕಂಪನಿ ಎಂದೆಲ್ಲ ಬಿಡಿಸಿ ಹೇಳಿದೆ.

ಆಕೆಯನ್ನು ತುಂಬ ಕಾಡಿದ್ದು ‘ಎ’ ಎಂಬ ಆ ಪುಟ್ಟ ಅಕ್ಷರ. ‘ಐ ಹ್ಯಾವ್ ಎ ಕಂಪನಿ’ ಎಂದರೆ ನನ್ನದೊಂದು ಉದ್ಯಮವಿದೆ ಎಂದಾಯಿತು. ‘ಐ ಹ್ಯಾವ್ ಕಂಪನಿ’ ಎಂದರೆ, ನಾನು ಒಬ್ಬಳೇ ಇಲ್ಲ, ಜೊತೆಯಲ್ಲಿ ಯಾರೋ ಇದ್ದಾರೆ. ಅವರ ಭಾಷೆಯಲ್ಲಿ ಇಂಥ ಅಕ್ಷರವೇ ಇಲ್ಲ. ನಮ್ಮ ಕನ್ನಡದಲ್ಲೂ ಇಲ್ಲವಲ್ಲ. ಆಕೆ ಆ ಎರಡು ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಕೊಂಡರು. ಎರಡನೆಯದನ್ನು ಹೇಳುವಾಗ ದನಿ ತಾನಾಗಿ ತಗ್ಗುತ್ತಿತ್ತು.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ತೆರೆದವರೇ ಮೆಲ್ಲಗೆ, “ಟುಡೇ, ಐ ಹ್ಯಾವ್ ಕಂಪನಿ” ಎಂದರು. ಯಾರೋ ಬಂದಿದ್ದಾರೆಂದು ಸಂಕೋಚದಿಂದಲೇ ಒಳಗೆ ಹೋದೆ. ಯಾರೂ ಇರಲಿಲ್ಲ. ಮೇಜಿನ ಮೇಲೆ ಮೂರು ಬಟ್ಟಲು ಚಹಾ. ಮೂರನೆಯದು ಬಾಲ್ಕನಿಯ ಬಾಗಿಲ ಹತ್ತಿರದ ಹಳೆಯ ಬೆತ್ತದ ಕುರ್ಚಿಯ ಮುಂದೆ. ತಪ್ಪಿ ಹೇಳಿದಿರಾ ಎಂದು ಕೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದರು.

“ನೋ ‘ಎ’, ಟೀಚರ್,” ಎಂದರು.

ಒಂಟಿತನ ಮನುಷ್ಯರಿಂದ ಏನೇನೋ ಮಾಡಿಸುತ್ತದೆ ಎಂದುಕೊಂಡೆ. ಊರೂರುಗಳು ಬಾಗಿಲು ಹಾಕಿಕೊಂಡಿದ್ದ ಆ ರೋಗದ ಕಾಲದಲ್ಲಿ ಆಕೆಯ ತಾಯಿ ತೀರಿಹೋಗಿದ್ದರು. ಇಲ್ಲಿಂದ ಹೋಗಲು ವಿಮಾನವಿರಲಿಲ್ಲ. ತಾಯಿಯ ಕೊನೆಯ ಗಳಿಗೆಗಳನ್ನು ಆಕೆ ಫೋನಿನ ಪರದೆಯಲ್ಲಿ ನೋಡಿದ್ದರು. ಬಹುಶಃ ಆ ತಾಯಿಗೇ ಚಹಾ ಇಡುತ್ತಿದ್ದಾರೆ ಎಂದು ನನ್ನ ಊಹೆ. ಅಲ್ಲವಂತೆ. ಬರುವವರು ಬೇರೆ ಯಾರೋ ಅಜ್ಜಿ, ಈ ಕಡೆಯವರೇ, ಹಣೆಗೆ ಬೂದಿ ಹಚ್ಚಿಕೊಂಡವರು. ಹೆಚ್ಚು ಮಾತಿಲ್ಲ. ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಾರಂತೆ. ಅದು ತಮಿಳಿರಬೇಕು, ಅರ್ಥ ಹೇಳಿ ಎಂದು ಆಕೆ ಆ ಮಾತನ್ನು ನಿಧಾನವಾಗಿ ಉಚ್ಚರಿಸಿದರು.

“ಬಾಲವ್ವಾ... ಕುಂದ್ಲವ್ವಾ.”

ನಾನು ಬಟ್ಟಲನ್ನು ಕೆಳಗಿಟ್ಟೆ. ರಕಾರ ಹೊರಳದ ನಾಲಿಗೆ ಅದು. ಬಾರವ್ವಾ, ಕುಂದ್ರವ್ವಾ. ತಮಿಳಲ್ಲ, ಕನ್ನಡ. ಅದೂ ನಮ್ಮ ಮನೆಯ ಕುಂದಾಪುರದ ಕಡೆಯ ಕನ್ನಡವಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಆಡುವಂಥದ್ದು. ನಾನು ಆ ಮನೆಯಲ್ಲಿ ಒಂದು ಕನ್ನಡದ ಪದವನ್ನೂ ಆಡಿರಲಿಲ್ಲ. ಆಡಿದ್ದರೂ ಆ ಪದ ನನ್ನ ಬಾಯಿಂದ ಬರುತ್ತಿರಲಿಲ್ಲ... ಇದು ನನ್ನ ಭಾಷೆ, ‘ಬಾ, ಕುಳಿತುಕೋ’ ಎಂದರ್ಥ ಎಂದಷ್ಟೇ ಆಕೆಗೆ ಹೇಳಿದೆ.

ಇಳಿದು ಬರುವಾಗ ವಾಚ್‌ಮನ್‌ನನ್ನು ವಿಚಾರಿಸಿದೆ. ಮೊದಲು ಆ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಕುಟುಂಬವಿತ್ತು, ಟಿ. ನಗರದಲ್ಲಿ ಸೀರೆ ವ್ಯಾಪಾರ ಎಂದ. ಅವರ ಮನೆಯಲ್ಲೊಬ್ಬರು ಮುದುಕಿ. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ತಿಳಿಯುತ್ತಿತ್ತು, ಆದರೆ ಉತ್ತರ ಕೊಡುತ್ತಿದ್ದುದು ತಮಿಳಿನಲ್ಲಿ. ಮುದುಕಿ ಬಾಲ್ಕನಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗ್ಯಾಸ್ ತಂದವನಿಂದ ಹಿಡಿದು ಕರೆಂಟ್ ರಿಪೇರಿಯವನವರೆಗೆ ಎಲ್ಲರನ್ನೂ ಏನೋ ಹೇಳಿ ಕರೆಯುತ್ತಿದ್ದರಂತೆ. ಭಾಷೆ ತಿಳಿಯದೆ ಎಲ್ಲರೂ ನಕ್ಕು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಹೋಗಿಬಿಟ್ಟರು. ಮನೆ ಖಾಲಿ ಮಾಡುವಾಗ ಕುರ್ಚಿಯನ್ನು ಯಾರೂ ಒಯ್ಯಲಿಲ್ಲ. “ಪಾವಂ, ಅಂದ ಪಾಟ್ಟಿ,” ಎಂದು ಅವನು ತಮಿಳಿನಲ್ಲಿ ಆ ಅಜ್ಜಿಗಾಗಿ ಮರುಗಿದ. ಇದನ್ನೆಲ್ಲ ಮೇಲಿನ ಅಮ್ಮನಿಗೆ ಹೇಳಿದ್ದೀಯಾ ಎಂದು ಕೇಳಿದೆ. ಆಕೆಯೊಡನೆ ತನಗೆ ಸಲಾಮು ಬಿಟ್ಟರೆ ಬೇರೆ ಮಾತೇ ಇಲ್ಲ ಎಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಇನ್ನು ಆ ಮನೆಗೆ ಹೋಗಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅಮ್ಮ ಅವರೆಕಾಯಿ ಬಿಡಿಸುತ್ತ ತಲೆ ಎತ್ತದೆ ಹೇಳಿದರು: “ಕೂಕೊ ಅಂದದ್ದ್ ಅಲ್ದಾ? ಹೊಡೂಕ್ ಬಂದದ್ದಲ್ಲ. ಹೆದ್ರುದ್ ಎಂತಕ್ಕೆ?”

ಆದರೂ ಹೆದರಿಕೆ ಹೋಗಲಿಲ್ಲ. ಹೋಗುವುದನ್ನೂ ಬಿಡಲಿಲ್ಲ. ನನ್ನ ವಿದ್ಯಾರ್ಥಿನಿ ಮಾತ್ರ ದಿನದಿನಕ್ಕೆ ಅರಳುತ್ತಿದ್ದರು. ಮುಖ ತುಂಬಿಕೊಂಡಿತು, ನಗು ಬಂತು. ಹೊಸ ವಾಕ್ಯಗಳನ್ನು ತಾವೇ ಕಟ್ಟುತ್ತಿದ್ದರು. ಅಜ್ಜಿ ನನಗೆ ಕಂಪನಿ ಕೊಡುತ್ತಾರೆ, ನಾನು ಅಜ್ಜಿಯ ಕಂಪನಿಯನ್ನು ಆನಂದಿಸುತ್ತೇನೆ ಎಂದು. ವ್ಯಾಕರಣದಲ್ಲಿ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ.

ಮೂರನೆಯ ಬಟ್ಟಲು ಒಂದು ರಜೆಯ ದಿನ ಗಂಡನ ಕಣ್ಣಿಗೆ ಬಿತ್ತು. ಅವರು ನನಗೆ ಫೋನ್ ಮಾಡಿದರು. ಸಭ್ಯ ಮನುಷ್ಯ, ದನಿಯಲ್ಲಿ ನಿದ್ದೆಗೆಟ್ಟ ಆಯಾಸ. ಹೆಂಡತಿ ತನ್ನ ಮಾತು ಕೇಳುತ್ತಿಲ್ಲ, ಟೀಚರ್ ಹೇಳಿದರೆ ನಂಬುತ್ತಾಳೆ, ಅಲ್ಲಿ ಯಾರೂ ಇಲ್ಲವೆಂದು ನೀವೇ ಹೇಳಬೇಕು ಎಂದು ಬೇಡಿಕೊಂಡರು. ವಾಸಿಯಾಗದಿದ್ದರೆ ಊರಿಗೆ ಕಳಿಸಬೇಕಾಗುತ್ತದೆ ಎಂದರು. ಆಗಲಿ ಎಂದೆ. ಅವರ ಭಯ ನ್ಯಾಯವಾದದ್ದೇ ಆಗಿತ್ತು.

ಮರುದಿನ ಆಕೆಯ ಎದುರು ಕೂತೆ. ಕೆಳಗೆ ಬೀದಿಯಲ್ಲಿ ಆಟೋಗಳ ಸದ್ದು, ತಲೆಯ ಮೇಲೆ ಫ್ಯಾನು. ಹೇಳಬೇಕಾದ ವಾಕ್ಯ ಬಹಳ ಸರಳ. ‘ದೇರ್ ಈಸ್ ನೋ ಒನ್ ಹಿಯರ್.’ ಬಾಯಿ ತೆರೆಯುವಷ್ಟರಲ್ಲಿ ಆಕೆ, ಪುಸ್ತಕದಿಂದ ಕಣ್ಣು ಎತ್ತದೆಯೇ, ಎರಡೂ ಮೊಣಕಾಲನ್ನು ಒಂದು ಬದಿಗೆ ಸರಿಸಿದರು... ಬಸ್ಸಿನಲ್ಲಿ ಕಿಟಕಿಯ ಬದಿಯವರು ಏಳುವಾಗ ನಾವು ದಾರಿ ಬಿಡುತ್ತೇವಲ್ಲ, ಹಾಗೆ. ಮರುಗಳಿಗೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಭಾರ ಬಿದ್ದಾಗ ಒಮ್ಮೆ, ಆಮೇಲೆ ಬೆನ್ನು ಒರಗಿಸಿದಾಗ ಆಗುವಂತೆ ಇನ್ನೊಮ್ಮೆ, ಸಣ್ಣಗೆ. ನಾನು ಆ ಕಡೆ ತಿರುಗಿ ನೋಡಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ಹೇಳಿ ಎನ್ನುವಂತೆ. ನನಗೆ ಆ ವಾಕ್ಯ ಹೇಳಲಾಗಲಿಲ್ಲ. ಮುಂದಿನ ಪಾಠ ತೆಗೆಯಿರಿ ಎಂದೆ.

ಸಂಜೆ ಗಂಡನಿಗೆ ಫೋನ್ ಮಾಡಿ, ನನ್ನಿಂದಾಗದು ಎಂದಷ್ಟೇ ಹೇಳಿದೆ. ಅವರು ಕಾರಣ ಕೇಳಲಿಲ್ಲ. ಆ ತಿಂಗಳ ಕೊನೆಗೆ ಆಕೆಯನ್ನು ಊರಿಗೆ ಕಳಿಸಿದರು.

ಹೊರಡುವ ದಿನ ಆಕೆ ಅಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ಇನ್ನು ಆ ಅಜ್ಜಿಗೆ ಯಾರೂ ಇರುವುದಿಲ್ಲ ಎಂದರು. “ಟೀಚರ್, ಯು ನೋ ಹರ್ ಲ್ಯಾಂಗ್ವೇಜ್. ಸಮ್‌ಟೈಮ್ಸ್, ಕೀಪ್ ಹರ್ ಕಂಪನಿ.” ಬರುತ್ತೇನೆಂದು ಮಾತು ಕೊಟ್ಟೆ. ಕೊಡುವಾಗ ನಿಜವಾಗಿಯೂ ಬರುವವಳಿದ್ದೆ.

ಗಂಡ ಕಾರ್ಖಾನೆಯ ಹತ್ತಿರವೇ ಮನೆ ಹಿಡಿದರು. ಒಂದು ಮಧ್ಯಾಹ್ನ ನಾನು ಕೋಡಂಬಾಕ್ಕಂಗೆ ಹೋದಾಗ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಸುಣ್ಣಬಣ್ಣ ನಡೆದಿತ್ತು. ಹಳೆಯ ಸಾಮಾನನ್ನೆಲ್ಲ ಮಾಲೀಕರು ಗುಜರಿಗೆ ಹಾಕಿದ್ದರು. ಬಣ್ಣದವರು ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿದ್ದರು. ಬಾಲ್ಕನಿಯ ಬಾಗಿಲ ಬಳಿ ಮಾತ್ರ ಹಾಸಿರಲಿಲ್ಲ. ಏಕೆಂದು ಕೇಳಿದೆ. ಅಲ್ಲಿ ಹಾಸಿದ್ದು ನಿಲ್ಲುವುದಿಲ್ಲ, ಸರಿದುಹೋಗುತ್ತದೆ, ಗಾಳಿ ಇರಬೇಕು ಎಂದರು. ಗಾಳಿ ಇರಲಿಲ್ಲ... ನಾನು ಹೊಸ್ತಿಲಿನಿಂದಲೇ ಹಿಂದಿರುಗಿದೆ, ಮತ್ತೆ ಆ ಮನೆಗೆ ಹೋಗಲಿಲ್ಲ.

ಮೊದಮೊದಲು ಆಕೆಯಿಂದ ಸಂದೇಶಗಳು ಬರುತ್ತಿದ್ದವು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಊರಿನ ಚಳಿ, ತಮ್ಮನ ಮಕ್ಕಳು, ನಿದ್ದೆ ಬರಿಸುವ ಮಾತ್ರೆಗಳು. ಆಮೇಲೆ ಸಾಲುಗಳು ಕಿರಿದಾದವು, ಆಮೇಲೆ ನಿಂತವು. ಗಂಡನೂ ಈ ದೇಶ ಬಿಟ್ಟು ಎಲ್ಲಿಗೋ ಹೋದರಂತೆ. ಅವರ ಕಾರ್ಖಾನೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಸೀಗೆಪುಡಿ ಕೊಂಡು ಬಂದ ದಿನ ಆಕೆಯ ಹಳೆಯ ನಂಬರಿಗೆ ಫೋನ್ ಮಾಡಿದೆ. ಕರೆ ಹೋಯಿತು. ಒಂದು ಹೆಣ್ಣುದನಿ, ಆಕೆಯದಲ್ಲ, ಮೊದಲೇ ಮುದ್ರಿಸಿಟ್ಟದ್ದು, ಚೀನೀ ಭಾಷೆಯಲ್ಲಿ ಏನೋ ಹೇಳಿತು. ನಂಬರು ಚಾಲ್ತಿಯಲ್ಲಿಲ್ಲ ಎಂದಿರಬಹುದು. ಮತ್ತೇನೋ ಇರಬಹುದು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ನಡುವೆ ಕಡಿದುಹಾಕಲು ಮನಸ್ಸಾಗಲಿಲ್ಲ. ಆ ದನಿ ತಾನಾಗಿ ನಿಲ್ಲುವವರೆಗೂ ಕಿವಿಗೊಟ್ಟು ಕೂತಿದ್ದೆ.