ಅಳೆದು ತೋರಿಸಿ ಎಂದ ವಿಲ್ಮಾ

ನಮ್ಮ ವಿಮಾನ ನಿಲ್ದಾಣದ ತಪಾಸಣೆ ಕೆಲಸಕ್ಕೆ ಸೇರಿದಾಗ ವಿಲ್ಮಾ ಗ್ರಬೋವ್ಸ್ಕಿಗೆ ಐವತ್ತೆರಡು ದಾಟಿತ್ತು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಇದೇ ಓಹಾಯೋದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಎಕ್ಸ್‌ರೇ ತೆಗೆಯುತ್ತಿದ್ದಳು. ಅಲ್ಲಿ ಗುಂಡಿ ಒತ್ತುವ ಮುಂಚೆ ಗೋಡೆಯಾಚೆ ಹೋಗಿ ನಿಲ್ಲಬೇಕು. ವಿಕಿರಣ ಅಳೆಯುವ ಪುಟ್ಟ ಬಿಲ್ಲೆಯೊಂದು ಎದೆಯ ಮೇಲೆ ಇರಲೇಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಮೈಗೆ ಎಷ್ಟು ತಗುಲಿದೆ ಎಂದು ಬರೆದು ಬರುತ್ತಿತ್ತು. ಬಿಲ್ಲೆ ಇಲ್ಲದೆ ಅವಳು ಆ ಕೋಣೆಗೆ ಕಾಲಿಟ್ಟವಳಲ್ಲ.

2010ರಲ್ಲಿ ನಮ್ಮಲ್ಲಿಗೆ ಪ್ರಯಾಣಿಕರ ಮೈಯನ್ನೇ ಎಕ್ಸ್‌ರೇಯಲ್ಲಿ ನೋಡುವ ಯಂತ್ರಗಳು ಬಂದವು. ಬೀರುವಿನಂಥ ಎರಡು ಪೆಟ್ಟಿಗೆ, ನಡುವೆ ಪ್ರಯಾಣಿಕ ಕೈ ಎತ್ತಿ ನಿಲ್ಲುತ್ತಾನೆ, ಪಕ್ಕದಲ್ಲಿ ದಿನವಿಡೀ ನಾವು. ಯಾರಾದರೂ ಅಪಾಯವೇ ಎಂದು ಕೇಳಿದರೆ, ಎರಡು ನಿಮಿಷ ವಿಮಾನದಲ್ಲಿ ಹಾರಿದಷ್ಟೇ ಎಂದು ಹೇಳಲು ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ವಿಲ್ಮಾ ಮೊದಲ ದಿನವೇ ಮೇಲ್ವಿಚಾರಕ ಹಾಲಿಸ್‌ನನ್ನು ಕೇಳಿದಳು: ಪ್ರಯಾಣಿಕರೇನೋ ಹೋಗಿಬಿಡುತ್ತಾರೆ, ಇಲ್ಲೇ ನಿಲ್ಲುವವರ ಪಾಡೇನು, ನಮ್ಮ ಬಿಲ್ಲೆ ಎಲ್ಲಿ? ಯಂತ್ರದಿಂದ ಏನೂ ಸೋರುವುದಿಲ್ಲ, ಹಾಗಾಗಿ ಬಿಲ್ಲೆ ಬೇಕಿಲ್ಲ, ಸಮವಸ್ತ್ರದಲ್ಲಿ ಇಲ್ಲದ್ದನ್ನು ಯಾರೂ ಧರಿಸುವಂತಿಲ್ಲ ಎಂದ ಅವನು. ನಾವು ಕೆಲವರು ನಕ್ಕೆವು. ನಕ್ಕವರಲ್ಲಿ ನಾನೂ ಒಬ್ಬ, ಈಗ ನೆನೆದರೆ ನಾಚಿಕೆಯಾಗುತ್ತದೆ.

ವಿಲ್ಮಾ ಸ್ವಂತ ದುಡ್ಡಿನಲ್ಲಿ ಬಿಲ್ಲೆ ತರಿಸಿಕೊಂಡಳು. ಹಾಲಿಸ್‌ನ ಕಣ್ಣಿಗೆ ಬೀಳದಂತೆ ಊಟದ ಚೀಲದಲ್ಲಿ ತಂದು, ಒಳಗೆ ಬಂದ ಮೇಲೆ ಅಂಗಿಯ ಒಳಮಗ್ಗುಲಿಗೆ ಚುಚ್ಚಿಕೊಳ್ಳುತ್ತಿದ್ದಳು. ಮೂರು ತಿಂಗಳಾದ ಮೇಲೆ ಬಂದ ಅಂಕಿ ನೋಡಿ ನಮ್ಮ ನಗು ನಿಂತಿತು. ಹಲ್ಲಿನ ಡಾಕ್ಟರ ಬಳಿ ಯಾವತ್ತೂ ಕಾಣದಷ್ಟು ಇತ್ತು. ಅದೇ ಸಮಯಕ್ಕೆ ನಮ್ಮ ಪಾಳಿಯ ರೋವೀನಾಳ ಕುತ್ತಿಗೆಯಲ್ಲಿ ಗಡ್ಡೆ ಕಂಡಿತ್ತು. ನೌಕರರ ಸಂಘದ ಮುಖಂಡ ಡ್ವೈಟ್‌ಗೆ ಹಬ್ಬವೇ ಆಯಿತು. ಪತ್ರಿಕೆಯವರಿಗೆ ಹೇಳಿ ಕಳಿಸಿ, ಶುಕ್ರವಾರ ಹಾಲಿಸ್‌ನನ್ನೂ ಕೂರಿಸಿಕೊಂಡು ಸಭೆ ಎಂದು ಸಾರಿದ.

ಗುರುವಾರ ವಿಲ್ಮಾಳ ಪಾಳಿ ಬ್ಯಾಗುಗಳ ಎಕ್ಸ್‌ರೇ ಪರದೆಯ ಮುಂದಿತ್ತು. ಕೆಲಸಕ್ಕೆ ಬರುತ್ತಿದ್ದ ಯಾರದೋ ಊಟದ ಡಬ್ಬಿ ಬ್ಯಾಗುಗಳು ಸಾಗುವ ಪಟ್ಟಿಯ ಮೇಲೆ ಹಾದುಹೋಯಿತು. ಅವಳು ಪಟ್ಟಿಯನ್ನೇ ನಿಲ್ಲಿಸಿಬಿಟ್ಟಳು. ನಾವು ನೌಕರರೂ ದಿನಾ ಚೀಲಗಳನ್ನು ಅದರಲ್ಲೇ ಹಾಯಿಸಿ ಒಳಗೆ ಬರಬೇಕು. ಮೂರು ತಿಂಗಳು ಅವಳ ಬಿಲ್ಲೆ ಊಟದ ಜೊತೆಗೆ ಅದೇ ಎಕ್ಸ್‌ರೇಯಲ್ಲಿ ಮಿಂದು ಬಂದಿತ್ತು. ಬೇರೆಯವರ ಚೀಲದಲ್ಲಿ ಉಗುರು ಕತ್ತರಿ ಹುಡುಕುವವಳಿಗೆ ತನ್ನ ಚೀಲದಲ್ಲಿದ್ದದ್ದೇ ಹೊಳೆದಿರಲಿಲ್ಲ.

ನನಗೆ ಹೇಳಿದಾಗ ನಾನು ಕೈ ಮುಗಿದೆ.

"ಬಾಯಿ ಮುಚ್ಕೊಂಡಿರು ಮಾರಾಯ್ತಿ. ನಮ್ಮಿಬ್ಬರನ್ನ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಈ ಅಂಕಿ ಹೋದ್ರೆ ಬಿಲ್ಲೆಯ ಮಾತೂ ಹೋಯ್ತು ಅಂತ ತಿಳ್ಕೋ."

"ಓಟಿಸ್, ಸುಳ್ಳು ಅಂಕಿ ಇಟ್ಕೊಂಡು ಅವರನ್ನ ಸುಳ್ಳುಗಾರರು ಅಂತ ಹೆಂಗಯ್ಯಾ ಕರೀಲಿ?" ಎಂದಳು.

ಶುಕ್ರವಾರ ಡ್ವೈಟ್ ಆ ಅಂಕಿಯ ಕಾಗದ ಬಿಡಿಸುವ ಮೊದಲೇ ವಿಲ್ಮಾ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಡ್ವೈಟ್ ತಲೆ ಮೇಲೆ ಕೈ ಹೊತ್ತು ಕೂತ. ಕೈಗೆ ಬಂದ ತುತ್ತು ಹಾಳು ಮಾಡಿದಳೆಂದು ಹಿಂದಿನ ಸಾಲಿನವರು ಗೊಣಗಿದರು. ಹಾಲಿಸ್ ಮಾತ್ರ ಹೊಟ್ಟೆ ಕುಣಿಸಿಕೊಂಡು ನಕ್ಕು, ಸರಿ, ಇನ್ನು ಆ ಆಟದ ಸಾಮಾನು ತೆಗೆದಿಡು ಎಂದ.

"ತೆಗೀತೀನಿ ಹಾಲಿಸ್," ಎಂದಳು ವಿಲ್ಮಾ. "ತಪ್ಪು ನಂದೇ. ಆ ಅಂಕಿ ಚೀಲದ್ದು. ಹಂಗಾದ್ರೆ ನನ್ನ ಮೈದು ಎಷ್ಟು? ರೋವೀನಾ ಗಡ್ಡೆಗೂ ಯಂತ್ರಕ್ಕೂ ನಂಟಿದೆಯಾ ಅಂತ ನಂಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಯಾಕಂದ್ರೆ ಯಾರೂ ಅಳೆದೇ ಇಲ್ಲ. ನಿಮಗೆ ಅಳತೆ ಬೇಡ ಅನ್ನೋದನ್ನ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಈಗಲೇ ಬಿಚ್ಚಿ ನಿಮ್ಮ ಕೈಗೆ ಕೊಡ್ತೀನಿ."

ಖಾಲಿ ಹಾಳೆ, ಪೆನ್ನು ಅವನ ಮುಂದಿಟ್ಟಳು. ಹಾಲಿಸ್ ಹಾಳೆ ನೋಡಿದ, ನಮ್ಮನ್ನು ನೋಡಿದ, ವಿಮಾನ ಹೊರಡುವ ಹೊತ್ತಾಯಿತು ಎಂದು ಎದ್ದು ಹೋದ. ಸಹಿ ಆವತ್ತೂ ಹಾಕಲಿಲ್ಲ, ಮುಂದೆಂದೂ ಹಾಕಲಿಲ್ಲ.

ಮರುದಿನದಿಂದ ವಿಲ್ಮಾ ಹೊಸ ಬಿಲ್ಲೆಯನ್ನು ಜೇಬಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಚುಚ್ಚಿಕೊಂಡಳು. ಚೀಲ ಪಟ್ಟಿಯ ಮೇಲೆ ಹೋಗುತ್ತಿತ್ತು, ಬಿಲ್ಲೆ ಅವಳ ಮೈಮೇಲೇ ಇರುತ್ತಿತ್ತು. ಹಾಲಿಸ್ ಎರಡು ಸಲ ನೋಟಿಸು ಕೊಟ್ಟ. ಎರಡು ಸಲವೂ ಅವಳು ಅದೇ ಹಾಳೆ ಮುಂದಿಟ್ಟಳು. ಮೂರು ತಿಂಗಳಿಗೆ ಲೆಕ್ಕ ಬಂತು. ಸೊನ್ನೆ.

ಹಾಲಿಸ್ ಎಲ್ಲರೆದುರು ಹಿಗ್ಗಿ, ನಾನು ಅವತ್ತೇ ಹೇಳಿರಲಿಲ್ಲವೇ ಎಂದ. ವಿಲ್ಮಾ ಕಾಗದವನ್ನು ಸಮಾಧಾನವಾಗಿ ಮಡಿಸಿದಳು.

"ನೀವು ಹೇಳಿದ್ರಿ ಅಷ್ಟೇ ಹಾಲಿಸ್. ಅಳೆದೋಳು ನಾನು. ಒಂದೇ ಕಡೆ ನಿಂತ ಒಬ್ಬಳದ್ದು ಗೊತ್ತಾಯ್ತು. ಇನ್ನೂ ನಲವತ್ತೊಂದು ಜನ ಇದ್ದಾರೆ, ಅವರದ್ದು ಯಾವಾಗ?"

ಆ ವಾರವೇ ನಾನೊಂದು ಬಿಲ್ಲೆ ತರಿಸಿ ಅಂಗಿಯ ಹೊರಗೇ ಚುಚ್ಚಿಕೊಂಡೆ. ನನ್ನ ನಂತರ ರೋವೀನಾಳೂ ಚುಚ್ಚಿಕೊಂಡಳು.